ಕಟ್ಟಡ ಸಾಮಗ್ರಿಗಳ ಜಾತಕ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಎರಡೂ ಕಷ್ಟಸಾಧ್ಯವಾದ ಕಾರ್ಯಗಳೆಂಬುದು ಅದರ ತಾತ್ಪರ್ಯ. ಆದರೆ ಈ ಎರಡರ ನಡುವೆ ಒಂದು ವ್ಯತ್ಯಾಸವುಂಟು. ಮದುವೆಗೆ ಮುನ್ನ ಹಿರಿಯರು ವಧೂವರರ ಮನೆತನ, ನಡತೆ, ನೆಂಟಸ್ತಿಕೆಗಳನ್ನೆಲ್ಲ ವಿಚಾರಿಸುವರು. ಜಾತಕ ತರಿಸಿ ನೋಡುವರು. ಮನೆ ಕಟ್ಟುವಾಗಲಾದರೋ, ಇಟ್ಟಿಗೆಯ ಬೆಲೆ ಎಷ್ಟು, ತಟ್ಟಿದರೆ ಗಟ್ಟಿ ನಾದ ಬರುವುದೇ ಎಂದು ನೋಡಿ ಅಷ್ಟಕ್ಕೇ ತೃಪ್ತರಾಗುವೆವು. ಆ ಇಟ್ಟಿಗೆಯ ಮಣ್ಣು ಯಾವ ಕೆರೆಯಿಂದ ಬಂದಿತು, ಅದನ್ನು ಸುಡಲು ಎಷ್ಟು ಸೌದೆ ಉರಿಯಿತು, ಸಿಮೆಂಟಿನಲ್ಲಿ ಏನೇನು ಬೆರೆತಿದೆ, ಬಾಗಿಲಿನ ಮರ ಯಾವ ಕಾಡಿನದು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಗೋಡೆಗೆ ಗಾರೆ ಬಳಿದು ಸುಣ್ಣ ಹೊಡೆದೊಡನೆ ಆ ಚರಿತ್ರೆಯೆಲ್ಲ ಮರೆಯಾಗಿ ಹೋಗುವುದು.

ಈ ಚರಿತ್ರೆಯನ್ನು ಬರೆದಿಡುವುದೇ ಈಗ ಒಂದು ಶಾಸ್ತ್ರವಾಗಿ ಬೆಳೆದಿದೆ. ಪರಿಸರಕ್ಕೆ ಆದಷ್ಟು ಕಡಮೆ ಹಾನಿಯಾಗುವಂತೆ ಕಟ್ಟಿದ ಕಟ್ಟಡಗಳನ್ನು ಪರೀಕ್ಷಿಸಿ “ಹಸುರು ಕಟ್ಟಡ” ಎಂಬ ಪ್ರಮಾಣಪತ್ರವನ್ನು ಕೊಡುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಇಂಥ ವ್ಯವಸ್ಥೆಗಳಲ್ಲಿ ಮೊದಲನೆಯದಾದ ‘ಬ್ರೀಯಾಂ’ 1990ರಲ್ಲಿ ಬ್ರಿಟನ್ನಿನಲ್ಲಿ ಬಂದಿತು. ಅಮೆರಿಕದಲ್ಲಿ 1993ರಲ್ಲಿ ಹಸುರು ಕಟ್ಟಡ ಮಂಡಲಿ ಸ್ಥಾಪಿತವಾಗಿ, 1998ರಲ್ಲಿ ‘ಲೀಡ್’ ಎಂಬ ಅಂಕಪದ್ಧತಿಯನ್ನು ಪ್ರಯೋಗಕ್ಕೆ ತಂದಿತು. ನಮ್ಮ ದೇಶದಲ್ಲಿ 2001ರಲ್ಲಿ ಭಾರತೀಯ ಹಸುರು ಕಟ್ಟಡ ಮಂಡಲಿ ರೂಪುಗೊಂಡಿತು. ಹೈದರಾಬಾದಿನಲ್ಲಿ ನಿರ್ಮಾಣವಾದ ಸೊರಾಬ್ಜಿ ಗೋದ್ರೆಜ್ ಹಸುರು ವಾಣಿಜ್ಯ ಕೇಂದ್ರವು ಅಮೆರಿಕದ ಹೊರಗೆ ‘ಲೀಡ್’ ಪದ್ಧತಿಯ ಅತ್ಯುನ್ನತ ದರ್ಜೆಯಾದ ಪ್ಲಾಟಿನಮ್ ಮನ್ನಣೆಯನ್ನು ಪಡೆದ ಮೊದಲ ಕಟ್ಟಡ. 2004ರ ಜುಲೈ 14ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ಉದ್ಘಾಟಿಸಿದರು. 2007ರಲ್ಲಿ ‘ಗೃಹ’ ಎಂಬ ನಮ್ಮದೇ ರಾಷ್ಟ್ರೀಯ ಪದ್ಧತಿ ಜಾರಿಗೆ ಬಂದಿತು.

ಈ ಪದ್ಧತಿಗಳೆಲ್ಲ ನೀರು, ವಿದ್ಯುತ್ತು, ನಿವೇಶನ, ಗಾಳಿ ಬೆಳಕು ಮುಂತಾದವುಗಳಿಗೆ ಅಂಕಗಳನ್ನು ಕೊಡುತ್ತವೆ. ಅವುಗಳಲ್ಲಿ ಬಹುಭಾಗವನ್ನು ಕಟ್ಟಡ ಮುಗಿದ ಮೇಲೂ ಅಳೆದು ನೋಡಬಹುದು. ಸಾಮಗ್ರಿಗಳ ವಿಷಯ ಹಾಗಲ್ಲ. ಗೋಡೆಯೊಳಗೆ ಸೇರಿಹೋದ ಇಟ್ಟಿಗೆ ತನ್ನ ಹುಟ್ಟೂರನ್ನು ಹೇಳುವುದಿಲ್ಲ. ಅದರ ಪರವಾಗಿ ಸಾಕ್ಷ್ಯ ನುಡಿಯಬೇಕಾದುದು ಕಾಗದಪತ್ರಗಳೇ. ಆದುದರಿಂದ ಸಾಮಗ್ರಿಗಳ ದಾಖಲೆಯನ್ನು ಸಿದ್ಧಪಡಿಸುವುದು ಹೇಗೆ, ಅದರ ಹಿಂದಿರುವ ವಿಜ್ಞಾನ ಯಾವುದು, ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಇಟ್ಟಿಗೆಯೊಳಗಿನ ಬೆಂಕಿ

ಪ್ರತಿಯೊಂದು ವಸ್ತುವಿನ ತಯಾರಿಕೆಗೂ ಶಕ್ತಿ ವ್ಯಯವಾಗುವುದಷ್ಟೆ. ಕಚ್ಚಾಪದಾರ್ಥವನ್ನು ಅಗೆಯುವುದು, ಸಾಗಿಸುವುದು, ಕಾಯಿಸುವುದು, ರೂಪಿಸುವುದು ಇವೆಲ್ಲಕ್ಕೂ ತಗಲಿದ ಶಕ್ತಿಯ ಮೊತ್ತಕ್ಕೆ ಆ ವಸ್ತುವಿನ ‘ಅಂತರ್ಗತ ಶಕ್ತಿ’ ಎಂದು ಹೆಸರು. ಸುಟ್ಟ ಇಟ್ಟಿಗೆಯನ್ನು ಮುಟ್ಟಿದರೆ ತಣ್ಣಗಿರುವುದು ನಿಜ. ಆದರೆ ಅದರ ಲೆಕ್ಕದಲ್ಲಿ ಗೂಡಿನ ಬೆಂಕಿಯೆಲ್ಲವೂ ಅಡಗಿದೆ.

ಈ ಲೆಕ್ಕವನ್ನು ನಮ್ಮ ದೇಶದ ಸಾಮಗ್ರಿಗಳಿಗೆ ಅನ್ವಯಿಸಿ ನೋಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪ್ರಮುಖರು. ಅಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ, ವಿಜ್ಞಾನವನ್ನು ಹಳ್ಳಿಗಳ ಅಗತ್ಯಕ್ಕೆ ಅಳವಡಿಸುವ ಉದ್ದೇಶದಿಂದ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಅದೇ ಪರಂಪರೆಯಲ್ಲಿ ದುಡಿದ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಕೆ. ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಸಾಮಾನ್ಯ ಸಾಮಗ್ರಿಗಳ ಅಂತರ್ಗತ ಶಕ್ತಿಯ ಅಂಕಿಗಳನ್ನು ಕೊಟ್ಟಿದ್ದಾರೆ. ಶಕ್ತಿಯನ್ನು ಅಳೆಯುವ ಮಾನ ಮೆಗಾಜೌಲ್. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 3.6 ಮೆಗಾಜೌಲ್. ಅವರ ಲೆಕ್ಕದ ಪ್ರಕಾರ ಒಂದು ಕಿಲೋಗ್ರಾಂ ಸಿಮೆಂಟಿಗೆ 5.85, ಗಾಜಿಗೆ 25.8, ಉಕ್ಕಿಗೆ 42, ಅಲ್ಯೂಮಿನಿಯಮ್ಮಿಗೆ 236.8 ಮೆಗಾಜೌಲ್ ಬೇಕು. ಒಂದು ಸುಟ್ಟ ಇಟ್ಟಿಗೆಗೆ ಸರಾಸರಿ 4.25 ಮೆಗಾಜೌಲ್. ಒಣ ಸೌದೆಯ ಒಂದು ಕಿಲೋಗ್ರಾಮಿನಿಂದ ಸುಮಾರು 16 ಮೆಗಾಜೌಲ್ ಶಾಖ ಬರುವುದೆಂದು ಇಟ್ಟುಕೊಂಡರೆ, ಒಂದೊಂದು ಇಟ್ಟಿಗೆಯೂ ಕಾಲು ಕಿಲೋಗ್ರಾಮಿಗೆ ಮಿಕ್ಕ ಸೌದೆಯನ್ನು ನುಂಗಿ ಹೊರಬಂದಿರುತ್ತದೆ.

ಇಟ್ಟಿಗೆಯನ್ನು ಸುಡದೆಯೇ ಗಟ್ಟಿ ಮಾಡಲು ಸಾಧ್ಯವೇ? ಸಾಧ್ಯ. ಮರಳಿನ ಅಂಶ ಹೆಚ್ಚಾಗಿ, ಜೇಡಿಯ ಅಂಶ ಮಿತವಾಗಿರುವ ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟನ್ನು ಬೆರೆಸಿ, ಹದವಾಗಿ ತೇವಗೊಳಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಬಲವಾಗಿ ಒತ್ತಿ, ಮೂರು ನಾಲ್ಕು ವಾರ ನೀರು ಚಿಮುಕಿಸುತ್ತ ಹದಗೊಳಿಸಿದರೆ ಮಳೆಗೆ ಕರಗದ ಇಟ್ಟಿಗೆ ಸಿದ್ಧವಾಗುವುದು. ಇದಕ್ಕೆ ಸ್ಥಿರೀಕೃತ ಮಣ್ಣಿನ ಇಟ್ಟಿಗೆ ಎಂದು ಹೆಸರು.

ಈಗ ಒಂದು ಗೋಡೆಯ ಲೆಕ್ಕ ಮಾಡೋಣ. ಹತ್ತು ಮೀಟರು ಉದ್ದ, ಮೂರು ಮೀಟರು ಎತ್ತರ, 23 ಸೆಂಟಿಮೀಟರು ದಪ್ಪವಿರುವ ಗೋಡೆಯ ಗಾತ್ರ 6.9 ಘನಮೀಟರು. ಮೇಲೆ ಹೇಳಿದ ಪ್ರಬಂಧದಂತೆ, ಗಾರೆಯೂ ಸೇರಿ ಸುಟ್ಟ ಇಟ್ಟಿಗೆಯ ಗೋಡೆಗೆ ಘನಮೀಟರಿಗೆ 2,141 ಮೆಗಾಜೌಲ್. ನೂರಕ್ಕೆ ಆರು ಪಾಲು ಸಿಮೆಂಟುಳ್ಳ ಮಣ್ಣಿನ ಇಟ್ಟಿಗೆಯ ಗೋಡೆಗೆ 646 ಮೆಗಾಜೌಲ್. ಗುಣಿಸಿದರೆ ಮೊದಲನೆಯದಕ್ಕೆ ಸುಮಾರು 14,770, ಎರಡನೆಯದಕ್ಕೆ ಸುಮಾರು 4,460 ಮೆಗಾಜೌಲ್. ಅಂತರ 10,300ಕ್ಕೂ ಹೆಚ್ಚು; ಸೌದೆಯ ಲೆಕ್ಕದಲ್ಲಿ 640 ಕಿಲೋಗ್ರಾಂ. ಒಂದೇ ಒಂದು ಗೋಡೆಯ ಆಯ್ಕೆಯಿಂದ ಇಷ್ಟು ಉಳಿತಾಯ! ಇಡೀ ಕಟ್ಟಡಗಳನ್ನು ಹೋಲಿಸಿದಾಗಲೂ ಇಂಥ ಅಂತರವೇ ಕಂಡುಬಂದಿತು. ಕಾಂಕ್ರೀಟಿನ ಕಂಬ ತೊಲೆಗಳ ಎಂಟು ಅಂತಸ್ತಿನ ಕಟ್ಟಡವೊಂದಕ್ಕೆ ನೆಲದ ಚದರ ಮೀಟರಿಗೆ 4,210 ಮೆಗಾಜೌಲ್ ತಗಲಿದ್ದರೆ, ಸಾಮಾನ್ಯ ರೀತಿಯ ಎರಡು ಅಂತಸ್ತಿನ ಇಟ್ಟಿಗೆ ಕಟ್ಟಡಕ್ಕೆ 2,920, ಮಣ್ಣಿನ ಇಟ್ಟಿಗೆಯನ್ನು ಗೋಡೆ ಚಾವಣಿಗಳಿಗೆ ಬಳಸಿದ ಎರಡು ಅಂತಸ್ತಿನ ಕಟ್ಟಡಕ್ಕೆ 1,610 ಮೆಗಾಜೌಲ್ ಮಾತ್ರ ತಗಲಿತ್ತು.

ದೂರದ ಪ್ರಶ್ನೆ

ಸ್ಥಳೀಯ ಸಾಮಗ್ರಿಯನ್ನೇ ಬಳಸಬೇಕೆಂಬುದು ಹಸುರು ಕಟ್ಟಡಗಳ ಪ್ರಸಿದ್ಧ ಸೂತ್ರ. 2009ರ ‘ಲೀಡ್’ ನಿಯಮಾವಳಿಯಲ್ಲಿ 500 ಮೈಲಿಗಳ, ಎಂದರೆ ಸುಮಾರು 800 ಕಿಲೋಮೀಟರುಗಳ ಒಳಗೆ ಅಗೆದು ತಯಾರಿಸಿದ ವಸ್ತುಗಳನ್ನು ಸ್ಥಳೀಯವೆಂದು ಗಣಿಸುತ್ತಿದ್ದರು. 2013ರ ನಾಲ್ಕನೆಯ ಆವೃತ್ತಿ ಈ ವರ್ತುಲವನ್ನು ನೂರು ಮೈಲಿಗಳಿಗೆ, ಎಂದರೆ 160 ಕಿಲೋಮೀಟರಿಗೆ ಕುಗ್ಗಿಸಿ, ಅದರೊಳಗಿನ ಅರ್ಹ ವಸ್ತುಗಳ ಬೆಲೆಯನ್ನು ಎಣಿಕೆಯಲ್ಲಿ ಇಮ್ಮಡಿ ಮಾಡಿತು.

ಆದರೆ ಎಲ್ಲ ವಸ್ತುಗಳಿಗೂ ದೂರ ಒಂದೇ ಬಗೆಯಾಗಿ ಮುಖ್ಯವಲ್ಲ. ಒಂದು ಟನ್ ಉಕ್ಕನ್ನು ತಯಾರಿಸಲು 42,000 ಮೆಗಾಜೌಲ್ ಬೇಕು. ಅದನ್ನು ಲಾರಿಯಲ್ಲಿ ನೂರು ಕಿಲೋಮೀಟರು ಸಾಗಿಸಲು ಬೇಕಾದುದು ಕೇವಲ 100. ನಾನೂರರಲ್ಲಿ ಒಂದು ಪಾಲೂ ಅಲ್ಲ. ಮರಳಿನ ಸಂಗತಿ ಇದಕ್ಕೆ ತದ್ವಿರುದ್ಧ. ನದಿಯ ಮರಳನ್ನು ಯಾರೂ ತಯಾರಿಸುವುದಿಲ್ಲ. ಅದರ ಶಕ್ತಿವೆಚ್ಚವೆಲ್ಲ ಸಾಗಾಟದ್ದೇ, ನೂರು ಕಿಲೋಮೀಟರಿಗೆ ಘನಮೀಟರೊಂದಕ್ಕೆ 175 ಮೆಗಾಜೌಲ್. ಇಟ್ಟಿಗೆಯ ಒಂದು ಘನಮೀಟರನ್ನು ಅಷ್ಟೇ ದೂರ ಒಯ್ಯಲು 200 ಬೇಕು. ಹೆಚ್ಚುಕಡಮೆ ಅಷ್ಟೇ ಭಾರದ ಮಣ್ಣಿನ ಇಟ್ಟಿಗೆಯನ್ನು ದೂರದ ಊರಿನಿಂದ ತರಿಸಿದರೆ, ಸುಡದೆ ಉಳಿಸಿದ ಶಕ್ತಿಯಲ್ಲಿ ಒಂದಿಷ್ಟು ಲಾರಿಯ ಹೊಗೆಯಾಗಿ ಹೋಗುವುದು. ಅಗ್ಗವಾದ ಭಾರವಾದ ವಸ್ತು ಹತ್ತಿರದಿಂದಲೇ ಬರಬೇಕು. ದುಬಾರಿ ಬೆಂಕಿಯಿಂದ ಹುಟ್ಟಿದ ವಸ್ತುವನ್ನು ಕಡಮೆ ಪ್ರಮಾಣದಲ್ಲಿ ಬಳಸಬೇಕು. ಈ ವಿವೇಕ ಮೂಡಬೇಕಾದರೆ ದೂರವನ್ನೂ ತೂಕವನ್ನೂ ಬರೆದಿಡಲೇಬೇಕು.

ಇಲ್ಲಿ ಹೊಸಬರು ಎಡವುವ ಸ್ಥಳವೊಂದುಂಟು. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ನೆಲದ ಹಾಸುಬಿಲ್ಲೆ ಬೆಂಗಳೂರಿನದಾಗುವುದಿಲ್ಲ. ಅದು ಗುಜರಾತಿನ ಮೊರ್ಬಿಯಲ್ಲಿ ತಯಾರಾದುದಾಗಿದ್ದರೆ ಅಲ್ಲಿಂದಲೇ ದೂರವನ್ನು ಎಣಿಸಬೇಕು. ಅಷ್ಟೇ ಅಲ್ಲ, ಅದರ ಜೇಡಿಮಣ್ಣನ್ನು ಎಲ್ಲಿ ಅಗೆದರು ಎಂಬುದನ್ನೂ ಕೇಳಬೇಕು.

ಬೂದಿಯ ಬೆಲೆ

ಸಿಮೆಂಟಿನ ಜಾತಕ ಇನ್ನೂ ಕುತೂಹಲಕರ. ಸುಣ್ಣದ ಕಲ್ಲನ್ನು ಜೇಡಿಯೊಡನೆ ಸುಮಾರು 1,450 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕಾಯಿಸಿದಾಗ ‘ಕ್ಲಿಂಕರ್’ ಎಂಬ ಗಟ್ಟಿ ಉಂಡೆಗಳು ದೊರೆಯುತ್ತವೆ. ಅವನ್ನು ಪುಡಿಮಾಡಿ ಒಂದಿಷ್ಟು ಜಿಪ್ಸಮ್ ಬೆರೆಸಿದರೆ ಸಿಮೆಂಟು. ಕಾಯಿಸುವಾಗ ಕಲ್ಲಿದ್ದಲಿನ ಹೊಗೆಯಲ್ಲದೆ, ಸುಣ್ಣದ ಕಲ್ಲಿನೊಳಗಿನಿಂದಲೇ ಇಂಗಾಲದ ಡೈ ಆಕ್ಸೈಡ್ ಹೊರಬೀಳುವುದು. ಶುದ್ಧವಾದ ನೂರು ಕಿಲೋಗ್ರಾಂ ಸುಣ್ಣದ ಕಲ್ಲು ಸಂಪೂರ್ಣವಾಗಿ ವಿಭಜನೆಗೊಂಡರೆ 56 ಕಿಲೋಗ್ರಾಂ ಸುಣ್ಣವೂ 44 ಕಿಲೋಗ್ರಾಂ ಅನಿಲವೂ ಬರುವುದೆಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಪರಮಾಣು ತೂಕಗಳಿಂದಲೇ ಲೆಕ್ಕ ಹಾಕಬಲ್ಲರು. ಗೂಡಿಗೆ ಎಷ್ಟೇ ಶುದ್ಧವಾದ ಇಂಧನವನ್ನು ಹಾಕಿದರೂ ಈ 44 ಪಾಲು ತಪ್ಪುವುದಿಲ್ಲ. ಮಾನವನು ವಾಯುಮಂಡಲಕ್ಕೆ ಸೇರಿಸುತ್ತಿರುವ ಇಂಗಾಲದ ಡೈ ಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದ ಬರುವುದೆಂಬ ಅಂದಾಜಿಗೆ ಇದೇ ಕಾರಣ.

ಇದಕ್ಕೆ ಪರಿಹಾರವೆಂದರೆ ಕ್ಲಿಂಕರಿನ ಒಂದು ಪಾಲನ್ನು ಬೇರೆ ಪದಾರ್ಥದಿಂದ ತುಂಬುವುದು. ಕಲ್ಲಿದ್ದಲು ಉರಿಸುವ ರಾಯಚೂರಿನಂಥ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಲ್ಲಿ ಹೊಗೆಯೊಡನೆ ಹಾರಿಬರುವ ನಯವಾದ ಬೂದಿಯೇ ಹಾರುಬೂದಿ. ಅದರಲ್ಲಿರುವ ಗಾಜಿನಂಥ ಸಿಲಿಕ ಮತ್ತು ಅಲ್ಯೂಮಿನಗಳು, ಸಿಮೆಂಟು ನೀರಿನೊಡನೆ ಸೇರುವಾಗ ಬಿಡುಗಡೆಯಾಗುವ ಸುಣ್ಣದೊಡನೆ ಕೂಡಿ ಗಟ್ಟಿಯಾದ ಸಂಯುಕ್ತಗಳನ್ನು ಕೊಡುತ್ತವೆ. ಇಟಲಿಯ ಪೊಜ್ಜುವೋಲಿ ಎಂಬ ಊರಿನ ಜ್ವಾಲಾಮುಖಿಯ ಬೂದಿಗೆ ಇದೇ ಗುಣವಿದ್ದುದರಿಂದ ಇಂಥ ಪದಾರ್ಥಗಳಿಗೆ ‘ಪೊಜೊಲಾನ’ ಎಂದು ಹೆಸರಾಯಿತು. ನಮ್ಮವರು ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಸುರ್ಕಿಗಾರೆ ಮಾಡುತ್ತಿದ್ದುದೂ ಇದೇ ತತ್ತ್ವದಿಂದ. ಕನ್ನಂಬಾಡಿಯ ಅಣೆಕಟ್ಟು ಆ ಗಾರೆಯಿಂದಲೇ ನಿಂತಿದೆ. ಭಾರತೀಯ ಮಾನಕದ ಪ್ರಕಾರ ಹಾರುಬೂದಿಯ ಪೊಜೊಲಾನ ಸಿಮೆಂಟಿನಲ್ಲಿ ನೂರಕ್ಕೆ 15ಕ್ಕಿಂತ ಕಡಮೆಯಿಲ್ಲದೆ, 35ಕ್ಕಿಂತ ಮೀರದೆ ಬೂದಿ ಇರಬಹುದು. ಈ ಎರಡು ಅಂಕಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವುಗಳ ಅಗತ್ಯ ಬೀಳುವುದು.

ಮರುಬಳಕೆ ಎಂದರೇನು?

ಹಸುರು ಕಟ್ಟಡದ ಲೆಕ್ಕದಲ್ಲಿ ‘ಮರುಬಳಕೆಯ ಅಂಶ’ ಎಂಬುದಕ್ಕೆ ಖಚಿತವಾದ ಅರ್ಥವಿದೆ. ಒಬ್ಬರು ಬಳಸಿ ಬಿಸುಟ ವಸ್ತು ಪುನಃ ಕಚ್ಚಾಪದಾರ್ಥವಾದರೆ, ಉದಾಹರಣೆಗೆ ಹಳೆಯ ಬೈಸಿಕಲ್ಲು, ಪಾತ್ರೆ, ಕಂಬಿಗಳು ಕರಗಿ ಹೊಸ ಉಕ್ಕಾದರೆ, ಅದು ಬಳಕೆಯ ನಂತರದ ಅಂಶ. ಒಂದು ಕಾರ್ಖಾನೆಯ ತ್ಯಾಜ್ಯ ಬಳಕೆದಾರನ ಕೈ ಸೇರುವ ಮೊದಲೇ ಮತ್ತೊಂದು ಕಾರ್ಖಾನೆಗೆ ಕಚ್ಚಾಪದಾರ್ಥವಾದರೆ, ಅದು ಬಳಕೆಗೆ ಮುಂಚಿನ ಅಂಶ. ಹಾರುಬೂದಿ ಈ ಗುಂಪಿನದು. ಒಂದೇ ಕಾರ್ಖಾನೆಯಲ್ಲಿ ಒಡೆದ ಚೂರುಗಳನ್ನು ಅದೇ ಕೆಲಸಕ್ಕೆ ಹಿಂದಕ್ಕೆ ಸುರಿದರೆ ಅದು ಮರುಬಳಕೆಯೇ ಅಲ್ಲ. ಅದನ್ನು ಯಾವ ಜಾಣ ವ್ಯಾಪಾರಿಯೂ ಹೇಗೂ ಮಾಡುವನು. ಅದಕ್ಕೆ ಬಹುಮಾನ ಏತಕ್ಕೆ?

‘ಲೀಡ್’ ಪದ್ಧತಿಯಲ್ಲಿ ಬಳಕೆಯ ನಂತರದ ಅಂಶಕ್ಕೆ ಪೂರ್ಣ ಬೆಲೆಯೂ, ಮುಂಚಿನ ಅಂಶಕ್ಕೆ ಅರ್ಧ ಬೆಲೆಯೂ ಸಲ್ಲುವುವು. 2009ರ ನಿಯಮಾವಳಿಯಂತೆ ಈ ಮೊತ್ತವು ಒಟ್ಟು ಸಾಮಗ್ರಿಗಳ ಬೆಲೆಯಲ್ಲಿ ನೂರಕ್ಕೆ ಹತ್ತಾದರೆ ಒಂದು ಅಂಕ, ಇಪ್ಪತ್ತಾದರೆ ಎರಡು ಅಂಕ ದೊರೆಯುತ್ತಿದ್ದುವು. ಮುಂದಿನ ಆವೃತ್ತಿಗಳಲ್ಲಿ ಅಂಕಗಳ ಹಂಚಿಕೆ ಬದಲಾಗಿದೆ. ಆದರೆ ವಿಧಾನವನ್ನು ಕಲಿಯಲು ಈ ಲೆಕ್ಕವೇ ಸುಲಭ.

ಒಂದು ವಿದ್ಯಾರ್ಥಿನಿಲಯಕ್ಕೆ 50 ಲಕ್ಷ ರೂಪಾಯಿಯ ಸಾಮಗ್ರಿ ಬೇಕೆಂದು ಭಾವಿಸೋಣ. ಅದರಲ್ಲಿ ಉಕ್ಕು 12 ಲಕ್ಷದ್ದು. ಹಳೆಯ ಕಬ್ಬಿಣದ ಅಂಶ ನೂರಕ್ಕೆ 25. ಸಲ್ಲುವ ಬೆಲೆ ಮೂರು ಲಕ್ಷ. ಸಿಮೆಂಟು ಆರು ಲಕ್ಷದ್ದು; ಹಾರುಬೂದಿ ನೂರಕ್ಕೆ 30. ಅದರರ್ಧ 15; ಸಲ್ಲುವ ಬೆಲೆ 90 ಸಾವಿರ. ಹಾರುಬೂದಿಯ ಇಟ್ಟಿಗೆ ಐದು ಲಕ್ಷದ್ದು. ಬೂದಿ ನೂರಕ್ಕೆ 60. ಅದರರ್ಧ 30, ಸಲ್ಲುವ ಬೆಲೆ ಒಂದೂವರೆ ಲಕ್ಷ. ಒಟ್ಟು ಐದು ಲಕ್ಷ ನಲವತ್ತು ಸಾವಿರ, ಎಂದರೆ ನೂರಕ್ಕೆ 10.8. ಅಂಕ ಕೈಸೇರಿತು.

ಈಗ ಇಟ್ಟಿಗೆಯವನು ತನ್ನ ಇಟ್ಟಿಗೆಯಲ್ಲಿ ಬೂದಿ ಎಷ್ಟಿದೆಯೆಂದು ಬರೆದುಕೊಡಲಿಲ್ಲವೆನ್ನೋಣ. ಒಂದೂವರೆ ಲಕ್ಷವನ್ನು ಕಳೆಯಬೇಕು. ಉಳಿಯುವುದು ನೂರಕ್ಕೆ 7.8. ಗೋಡೆ ಅದೇ, ಇಟ್ಟಿಗೆ ಅದೇ; ಒಂದು ಕಾಗದವಿಲ್ಲದೆ ಅಂಕ ಹೋಯಿತು. ಅಥವಾ ಇಟ್ಟಿಗೆಯವನು ಬರೆದುಕೊಟ್ಟ, ಆದರೆ ಸಿಮೆಂಟಿನ ಕಂಪೆನಿಯವರು “ನಮ್ಮ ಸಿಮೆಂಟಿನಲ್ಲಿ ನೂರಕ್ಕೆ 35ರವರೆಗೆ ಹಾರುಬೂದಿ ಇರುತ್ತದೆ” ಎಂದು ಬರೆದರೆನ್ನೋಣ. ‘ರವರೆಗೆ’ ಎಂಬ ಮಾತು ನೋಡಲು ಚಿಕ್ಕದು. ಆದರೆ ಮಾನಕವು 15ಕ್ಕೂ ಅವಕಾಶ ಕೊಡುವುದೆಂದು ಹಿಂದೆಯೇ ಕಂಡೆವು. ನಿಜವಾಗಿ 15 ಇದ್ದಲ್ಲಿ ಸಿಮೆಂಟಿನಿಂದ ಸಲ್ಲುವ ಬೆಲೆ 45 ಸಾವಿರಕ್ಕೆ ಇಳಿದು, ಒಟ್ಟು ನಾಲ್ಕು ಲಕ್ಷ ತೊಂಬತ್ತೈದು ಸಾವಿರ, ಎಂದರೆ ನೂರಕ್ಕೆ 9.9 ಆಗುವುದು. ಕೂದಲೆಳೆಯಷ್ಟರಲ್ಲಿ ಗುರಿ ತಪ್ಪಿತು. ವಿಜ್ಞಾನದಲ್ಲಿ ‘ಸುಮಾರು’, ‘ವರೆಗೆ’, ‘ಬಹುಶಃ’ ಎಂಬ ಪದಗಳನ್ನು ಎಷ್ಟು ಎಚ್ಚರದಿಂದ ಬಳಸಬೇಕೋ ಇಲ್ಲಿಯೂ ಅಷ್ಟೇ ಎಚ್ಚರ ಬೇಕು.

ಒಳ್ಳೆಯ ದಾಖಲೆಯ ಲಕ್ಷಣಗಳು

ಹಾಗಾದರೆ ಒಂದು ಸಾಮಗ್ರಿಯ ದಾಖಲೆಯಲ್ಲಿ ಏನೇನಿರಬೇಕು? ತಯಾರಕನ ಸಹಿ ಮತ್ತು ತಾರೀಖುಳ್ಳ ಪತ್ರ. ಅದರಲ್ಲಿ ವಸ್ತುವಿನ ಪೂರ್ಣ ಹೆಸರು, ಅದು ತಯಾರಾದ ಕಾರ್ಖಾನೆಯ ಸ್ಥಳ, ಕಚ್ಚಾಪದಾರ್ಥ ಬಂದ ಸ್ಥಳ, ಮರುಬಳಕೆಯ ಅಂಶ ತೂಕದಲ್ಲಿ ನೂರಕ್ಕೆ ಎಷ್ಟು, ಅದರಲ್ಲಿ ಬಳಕೆಯ ನಂತರದ್ದೆಷ್ಟು, ಮುಂಚಿನದೆಷ್ಟು ಎಂಬ ವಿವರ. ಜೊತೆಗೆ ಬಲ ಮತ್ತು ಗುಣಗಳ ಪರೀಕ್ಷಾ ವರದಿ. ಕೊಂಡದ್ದಕ್ಕೆ ಬಿಲ್ಲು, ನಿವೇಶನಕ್ಕೆ ಬಂದದ್ದಕ್ಕೆ ಚಲನ್, ಬಳಸಿದ್ದಕ್ಕೆ ಅಳತೆಯ ಪುಸ್ತಕ. ಪತ್ರದಲ್ಲಿರುವ ಹೆಸರು, ಬಿಲ್ಲಿನಲ್ಲಿರುವ ಹೆಸರು, ಗೋಡೆಯಲ್ಲಿರುವ ವಸ್ತು ಈ ಮೂರೂ ಒಂದೇ ಆಗಿರಬೇಕು.

ಸಾಮಾನ್ಯವಾಗಿ ಕಾಣುವ ದೋಷಗಳು ಕೆಲವು ಇವೆ. ಕಂಪೆನಿಗೆ ಹತ್ತು ಕಾರ್ಖಾನೆಗಳಿದ್ದು, ಪತ್ರ ಮಾತ್ರ ಎಲ್ಲಕ್ಕೂ ಸೇರಿದ ಸರಾಸರಿಯದಾಗಿರುವುದು. ಅವಧಿ ಮೀರಿದ ಪ್ರಮಾಣಪತ್ರ. ಪತ್ರ ಒಂದು ಬಗೆಯ ವಸ್ತುವಿಗೆ, ಬಿಲ್ಲು ಮತ್ತೊಂದಕ್ಕೆ. ಒಂದೇ ವಸ್ತುವನ್ನು ಎರಡು ಸಾಲುಗಳಲ್ಲಿ ಎಣಿಸಿರುವುದು. ಒಂದು ಅಂಕಿ ಕಿಲೋಗ್ರಾಮಿಗೆ, ಇನ್ನೊಂದು ಘನಮೀಟರಿಗೆ ಇದ್ದು ಎರಡನ್ನೂ ಕೂಡಿಸಿಬಿಟ್ಟಿರುವುದು. ಇವುಗಳಲ್ಲಿ ಬಹುಪಾಲು ದುರುದ್ದೇಶದಿಂದ ಆಗುವಂಥವಲ್ಲ, ತಡಮಾಡಿದ್ದರಿಂದ ಆಗುವಂಥವು. ಕಟ್ಟಡ ಮುಗಿದ ಆರು ತಿಂಗಳ ಮೇಲೆ ಪತ್ರ ಬೇಡಿದರೆ ತಯಾರಕನು ತೋಚಿದ್ದನ್ನು ಬರೆದುಕೊಡುವನು. ಆದುದರಿಂದ ಅನುಭವಸ್ಥರು ಟೆಂಡರಿನಲ್ಲಿಯೇ ಈ ಷರತ್ತನ್ನು ಬರೆದು, ಲಾರಿ ನಿವೇಶನಕ್ಕೆ ಬಂದ ದಿನವೇ ಕಾಗದವನ್ನು ಪಡೆದುಕೊಳ್ಳುವರು.

ಮರದ ದಾಖಲೆಗೆ ಇನ್ನೊಂದು ಹೆಜ್ಜೆ ಹೆಚ್ಚು. 1993ರಲ್ಲಿ ಸ್ಥಾಪಿತವಾದ ಅರಣ್ಯ ಮೇಲ್ವಿಚಾರಣಾ ಮಂಡಲಿಯ ಪದ್ಧತಿಯಂತೆ ಕಾಡು, ಕೊಯ್ಯುವ ಕಾರ್ಖಾನೆ, ವ್ಯಾಪಾರಿ ಹೀಗೆ ಮರ ಕೈಬದಲಾಯಿಸುವ ಪ್ರತಿಯೊಂದು ಹಂತದಲ್ಲಿಯೂ ಪ್ರಮಾಣಪತ್ರವಿರಬೇಕು. ನಡುವಣ ಒಂದು ಕೊಂಡಿ ತಪ್ಪಿದರೆ ಸರಪಳಿಯೇ ಕಡಿದಂತೆ. ಒಳ್ಳೆಯ ಕಾಡಿನ ಮರವೂ ಆಗ ಅನಾಮಧೇಯವಾಗುವುದು. ಬಣ್ಣ, ಅಂಟು, ಪ್ಲೈವುಡ್ಡುಗಳಲ್ಲಾದರೋ, ಅವುಗಳಿಂದ ಕೋಣೆಯ ಗಾಳಿಗೆ ಸೇರುವ ಆವಿಗಳ ಪರೀಕ್ಷಾ ವರದಿ ಬೇಕು. ಆ ಕೋಣೆಯಲ್ಲಿ ಉಸಿರಾಡುವವರು ನಾವೇ ಅಲ್ಲವೆ?

ಮೂರು ಬಗೆಯ ಸಾಕ್ಷಿಗಳು

“ಬೆಳ್ಳಗಿರುವುದೆಲ್ಲ ಹಾಲಲ್ಲ.” ಡಬ್ಬಿಯ ಮೇಲೆ ಎಲೆಯ ಚಿತ್ರವಿದ್ದ ಮಾತ್ರಕ್ಕೆ ಒಳಗಿನದು ಹಸುರಾಗುವುದಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯವರು ಪರಿಸರದ ಬಗೆಗಿನ ಹೇಳಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತಯಾರಕನು ತಾನೇ ಹೇಳಿಕೊಂಡದ್ದು ಒಂದು. ಹೊರಗಿನ ಸಂಸ್ಥೆಯೊಂದು ತನ್ನ ನಿಯಮಗಳಿಗೆ ವಸ್ತು ಒಪ್ಪುವುದೆಂದು ಮುದ್ರೆ ಒತ್ತಿದ್ದು ಇನ್ನೊಂದು. ವಸ್ತುವಿನ ಆಯುಷ್ಯದ ಹಂತಗಳನ್ನು ಅಳೆದು, ಅಂಕಿಗಳನ್ನೆಲ್ಲ ಪ್ರಕಟಿಸಿ, ಸ್ವತಂತ್ರ ಪರೀಕ್ಷಕನಿಂದ ತಾಳೆ ನೋಡಿಸಿದ್ದು ಮೂರನೆಯದು. ಈ ಮೂರನೆಯದಕ್ಕೆ ‘ಪರಿಸರ ಘೋಷಣಾಪತ್ರ’ ಎನ್ನಬಹುದು. 2006ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನಕವೂ ಪ್ರಕಟವಾಯಿತು. ‘ಲೀಡ್’ನ 2013ರ ಆವೃತ್ತಿಯಲ್ಲಿ ಕನಿಷ್ಠ ಐದು ತಯಾರಕರ ಇಪ್ಪತ್ತು ವಸ್ತುಗಳಿಗೆ ಇಂಥ ಪತ್ರಗಳನ್ನು ಒದಗಿಸಿದವರಿಗೆ ಅಂಕವಿತ್ತು.

ಈ ಪತ್ರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಪ್ರಚಲಿತವಾಗಿದೆ. ಪತ್ರವಿದ್ದರೆ ವಸ್ತು ಒಳ್ಳೆಯದೆಂದು ಹಲವರು ಭಾವಿಸುವರು. ಹಾಗಲ್ಲ. ಜ್ವರಮಾಪಕವು ರೋಗಿಗೆ ಜ್ವರವೆಷ್ಟಿದೆಯೆಂದು ಹೇಳುವುದೇ ಹೊರತು ಆರೋಗ್ಯವಂತನೆಂದು ಪ್ರಮಾಣ ಮಾಡುವುದಿಲ್ಲ. ಪರಿಸರ ಘೋಷಣಾಪತ್ರವೂ ಅಂಥದೇ. ಒಂದು ಟನ್ ಸಿಮೆಂಟಿನಿಂದ ಇಷ್ಟು ಇಂಗಾಲದ ಡೈ ಆಕ್ಸೈಡ್ ಎಂದು ಅದು ಹೇಳುವುದು. ಹೆಚ್ಚೋ ಕಡಮೆಯೋ ಎಂದು ನಿರ್ಣಯಿಸುವುದು ಓದುವವನ ಕೆಲಸ. ಹಾಗೆ ಹೋಲಿಸುವಾಗ ಎರಡೂ ಪತ್ರಗಳು ಒಂದೇ ಮಾನವನ್ನೂ ಒಂದೇ ಹಂತಗಳನ್ನೂ ಅನುಸರಿಸಿವೆಯೇ ಎಂದು ನೋಡಬೇಕು. ಕಾರ್ಖಾನೆಯ ಬಾಗಿಲಿನವರೆಗೆ ಎಣಿಸಿದ ಲೆಕ್ಕವನ್ನು, ಕಟ್ಟಡ ಉರುಳುವ ದಿನದವರೆಗೆ ಎಣಿಸಿದ ಲೆಕ್ಕದೊಡನೆ ಹೋಲಿಸುವುದು ಅರ್ಧ ದಾರಿ ಓಡಿದವನನ್ನು ಪೂರ್ತಿ ಓಡಿದವನಿಗಿಂತ ವೇಗಶಾಲಿ ಎಂದಂತೆ.

ಕಾಗದವಿಲ್ಲದ ಒಳ್ಳೆಯ ವಸ್ತು

ಇಷ್ಟನ್ನು ತಿಳಿದ ಮೇಲೆ ಒಂದು ಗಂಭೀರವಾದ ಸಮಸ್ಯೆ ಎದುರಾಗುವುದು. ಪರಿಸರ ಘೋಷಣಾಪತ್ರವನ್ನು ಸಿದ್ಧಪಡಿಸಲು ತಜ್ಞರು ಬೇಕು, ಲೆಕ್ಕಗಳು ಬೇಕು, ಪರೀಕ್ಷಕರಿಗೆ ಶುಲ್ಕ ಬೇಕು. ದೊಡ್ಡ ಕಾರ್ಖಾನೆಗೆ ಇದು ಭಾರವಲ್ಲ. ಹಳ್ಳಿಯಲ್ಲಿ ಹತ್ತು ಆಳುಗಳೊಡನೆ ಮಣ್ಣಿನ ಇಟ್ಟಿಗೆ ಒತ್ತುವವನಿಗೆ, ಊರ ಕಲ್ಲುಗಣಿಯ ಕಲ್ಲುಕುಟಿಗನಿಗೆ, ಸುಣ್ಣ ಸುಡುವವನಿಗೆ ಇದು ನಿಲುಕದ ಹಣ್ಣು. ಮೇಲಿನ ಗೋಡೆಯ ಲೆಕ್ಕದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಮೆ ಶಕ್ತಿಯಿಂದ ಸಿದ್ಧವಾದುದು ಮಣ್ಣಿನ ಇಟ್ಟಿಗೆ. ಅಂಥ ವಸ್ತುವೇ ಕಾಗದವಿಲ್ಲದೆ ಹಿಂದುಳಿದು, ಹೆಚ್ಚು ಬೆಂಕಿ ಉಂಡ ವಸ್ತು ಕಾಗದದ ಬಲದಿಂದ ಮುಂದೆ ಬಂದರೆ, ಅಳತೆಗೋಲೇ ಅಳತೆಯನ್ನು ಕೆಡಿಸಿದಂತಾಗುವುದು.

ಇದಕ್ಕೆ ಕಾಗದವನ್ನು ಕೈಬಿಡುವುದು ಪರಿಹಾರವಲ್ಲ. ಬಾಯಿಮಾತಿನ ಹಸುರಿಗೆ ಆಗ ಎಲ್ಲೆಯೇ ಇರದು. ಸಣ್ಣವರಿಗೂ ದಾಖಲೆಯನ್ನು ಸುಲಭ ಮಾಡಿಕೊಡುವುದೇ ಸರಿಯಾದ ದಾರಿ. ನಿವೇಶನದಲ್ಲಿಯೇ ಒತ್ತಿದ ಮಣ್ಣಿನ ಇಟ್ಟಿಗೆಗೆ ಕಟ್ಟುವವನೇ ತಯಾರಕ. ಮಣ್ಣನ್ನು ಎಲ್ಲಿ ಅಗೆದರು, ಅದರಲ್ಲಿ ಮರಳೆಷ್ಟು ಜೇಡಿಯೆಷ್ಟು, ದಿನಕ್ಕೆ ಎಷ್ಟು ಮೂಟೆ ಸಿಮೆಂಟಿಗೆ ಎಷ್ಟು ಇಟ್ಟಿಗೆ ಬಂದುವು, ಎಷ್ಟು ದಿನ ನೀರು ಹಾಕಿದರು ಎಂಬುದನ್ನು ಮೇಸ್ತ್ರಿಯೇ ಒಂದು ನೋಟುಪುಸ್ತಕದಲ್ಲಿ ಬರೆದಿಡಬಹುದು. ಇಂಥ ಇಟ್ಟಿಗೆಗಳಿಗಾಗಿಯೇ ಭಾರತೀಯ ಮಾನಕವೊಂದಿದೆ. 1982ರ ಅದರ ರೂಪವನ್ನು 2013ರಲ್ಲಿ ಪರಿಷ್ಕರಿಸಲಾಯಿತು. ನೀರಿನಲ್ಲಿ ನೆನೆಸಿದ ಇಟ್ಟಿಗೆಯ ಬಲವನ್ನು ಅಳೆಯುವ ಯಂತ್ರ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿರುವುದು. ನೋಟುಪುಸ್ತಕ ಮತ್ತು ಪರೀಕ್ಷಾ ವರದಿ ಎರಡೂ ಕೂಡಿದರೆ ಬಲವಾದ ದಾಖಲೆಯೊಂದು ಸಿದ್ಧವಾದಂತೆಯೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಈ ವಿದ್ಯೆಯನ್ನು ಕಲಿಯಲು ದೊಡ್ಡ ಕಟ್ಟಡ ಬೇಕಾಗಿಲ್ಲ. ನಿಮ್ಮ ಊರಿನಲ್ಲಿ ಈಗ ಏಳುತ್ತಿರುವ ಯಾವುದಾದರೊಂದು ಮನೆಯನ್ನು ಆರಿಸಿಕೊಂಡು, ಯಜಮಾನರ ಅನುಮತಿ ಪಡೆದು, ಒಂದು ಪಟ್ಟಿಯನ್ನು ತಯಾರಿಸಿರಿ. ಅದರಲ್ಲಿ ಏಳು ಕಲಮುಗಳಿರಲಿ: ಸಾಮಗ್ರಿಯ ಹೆಸರು, ಪ್ರಮಾಣ, ಬೆಲೆ, ತಯಾರಾದ ಸ್ಥಳ, ಅಲ್ಲಿಂದ ದೂರ, ಮರುಬಳಕೆಯ ಅಂಶ, ಇದಕ್ಕೆ ಆಧಾರವೇನು. ಮೊದಲ ಮೂರು ಕಲಮುಗಳು ಬಿಲ್ಲಿನಿಂದ ತುಂಬುತ್ತವೆ. ನಾಲ್ಕು ಮತ್ತು ಐದಕ್ಕಾಗಿ ಅಂಗಡಿಯವರನ್ನೂ ಲಾರಿ ಚಾಲಕರನ್ನೂ ಕೇಳಬೇಕಾಗುವುದು. ಆರನೆಯದು ಕಷ್ಟ. ಏಳನೆಯದು ಎಲ್ಲಕ್ಕಿಂತ ಮುಖ್ಯ; ಆಧಾರವಿಲ್ಲದ ಕಡೆ “ಹೇಳಿಕೆ ಮಾತ್ರ” ಎಂದು ಸ್ಪಷ್ಟವಾಗಿ ಬರೆಯಿರಿ. ಬಳಿಕ ಈ ಲೇಖನದಲ್ಲಿರುವ ಅಂಕಿಗಳನ್ನು ಬಳಸಿ ಗೋಡೆಯ ಅಂತರ್ಗತ ಶಕ್ತಿಯನ್ನು ಕಂಡುಹಿಡಿಯಿರಿ. ಇನ್ನೊಂದು ಬಗೆಯ ಇಟ್ಟಿಗೆಯಾಗಿದ್ದರೆ ಎಷ್ಟಾಗುತ್ತಿತ್ತೆಂದು ಹೋಲಿಸಿರಿ.

ಪಟ್ಟಿ ಮುಗಿದಾಗ ಒಂದು ವಿಷಯ ತಾನಾಗಿ ಹೊಳೆಯುವುದು. ಎಲ್ಲಕ್ಕಿಂತ ಕಡಮೆ ಹಾನಿಯ ಸಾಮಗ್ರಿ ಯಾವುದೆಂದರೆ, ಬಳಸದೆ ಉಳಿಸಿದ ಸಾಮಗ್ರಿ. ಬೇಕಾದುದಕ್ಕಿಂತ ದೊಡ್ಡದಾಗಿ ಕಟ್ಟಿ, ಅದಕ್ಕೆ ಹಸುರು ಪತ್ರಗಳನ್ನು ಅಂಟಿಸುವುದರಲ್ಲಿ ಅರ್ಥವಿಲ್ಲ. ಹಳೆಯ ಮನೆಯ ತೊಲೆ, ಬಾಗಿಲು, ಕಲ್ಲುಗಳನ್ನು ಹೊಸ ಮನೆಗೆ ಬಳಸುತ್ತಿದ್ದ ನಮ್ಮ ಹಿರಿಯರು ಅಂಕಗಳಿಗಾಗಿ ಹಾಗೆ ಮಾಡಲಿಲ್ಲ. ವಸ್ತುವಿನ ಬೆಲೆ ಅವರಿಗೆ ಗೊತ್ತಿತ್ತು. ಆ ಬೆಲೆಯನ್ನು ನಾವು ಈಗ ಮೆಗಾಜೌಲುಗಳಲ್ಲಿಯೂ ಕಿಲೋಗ್ರಾಮುಗಳಲ್ಲಿಯೂ ಬರೆಯಲು ಕಲಿಯುತ್ತಿದ್ದೇವೆ. ಬರೆದದ್ದು ಸತ್ಯವಾಗಿರಬೇಕು. ಇಲ್ಲದಿದ್ದರೆ ಪತ್ರದಲ್ಲಿ ಹಸುರಾದ ಕಟ್ಟಡದ ಹೊಗೆ, ಪತ್ರವನ್ನು ಓದದ ಆಕಾಶಕ್ಕೆ ಸೇರಿಯೇ ತೀರುವುದು.